ಅಮೆರಿಕದ ಗನ್ ಶಾಪ್ ಕೌಂಟರ್‌ನಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಂಡರು?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿದ್ದೇವೆ, ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಯಜಮಾನರು ಕೆಲಸದ ಮೇಲೆ ಊರೂರು ತಿರುಗುತ್ತಾರೆ. ಮನೆಯಲ್ಲಿ ಒಬ್ಬಳೇ ಇರುವ ದಿನಗಳೇ ಜಾಸ್ತಿ. ತುಂಬಾ ಯೋಚನೆ ಮಾಡಿ, ಸುರಕ್ಷತೆಯ ಕ್ಲಾಸ್ ಮುಗಿಸಿ, ಆಮೇಲೆ ಒಂದು ಪಿಸ್ತೂಲು ತಗೊಳ್ಳೋಣ ಅಂತ ತೀರ್ಮಾನ ಮಾಡಿದೆ. ಬೇಕಾಗಿರುವುದು ನನಗೆ. ಕಲಿತವಳು ನಾನು. ಇಟ್ಟುಕೊಳ್ಳುವವಳೂ ನಾನೇ.

ಅಂಗಡಿಗೆ ಇಬ್ಬರೂ ಹೋದೆವು. ಕೌಂಟರ್‌ನಲ್ಲಿದ್ದವರು ನನ್ನ ಮುಖ ಕೂಡ ನೋಡಲಿಲ್ಲ. "ಇವರಿಗೆ ಎಂಥದ್ದು ಬೇಕಂತೆ?" ಅಂತ ಯಜಮಾನರನ್ನು ಕೇಳಿದರು. ಮಧ್ಯಮ ಗಾತ್ರದ 9 ಎಂಎಂ ಪಿಸ್ತೂಲು ತೋರಿಸಿ ಅಂತ ನಾನೇ ಹೇಳಿದೆ. ಅವರು ಗುಲಾಬಿ ಹಿಡಿಯ ಪುಟ್ಟ ರಿವಾಲ್ವರ್ ಒಂದನ್ನು ತೆಗೆದು ಗಾಜಿನ ಮೇಲಿಟ್ಟು, "ಹೆಂಗಸರಿಗೆ ಇದೇ ಸರಿ, ಪರ್ಸ್‌ನಲ್ಲಿ ಕೂರುತ್ತೆ" ಅಂದರು. ಬೀಗ ಯಾವುದು ಕೊಡುತ್ತೀರಿ, ಮನೆಯಲ್ಲಿ ಹೇಗಿಡಬೇಕು ಅಂತ ಕೇಳಿದರೆ "ಎಲ್ಲ ಡಬ್ಬದಲ್ಲೇ ಇರುತ್ತೆ" ಅಂತ ಮಾತು ಮುಗಿಸಿಬಿಟ್ಟರು. ಕೊನೆಗೆ ಯಜಮಾನರು ದುಡ್ಡು ಕೊಡಲು ಕಾರ್ಡ್ ತೆಗೆದ ತಕ್ಷಣ ಅದೇ ಮನುಷ್ಯರ ದನಿ ಬದಲಾಯಿತು. "ಗನ್ ಯಾರಿಗೆ? ನಿಮಗಾ, ಅವರಿಗಾ?" ಅಂತ ಪೊಲೀಸರ ಹಾಗೆ ವಿಚಾರಿಸಿದರು. ಅಲ್ಲಿಯವರೆಗೆ ನಾನು ಅಲ್ಲಿ ಇದ್ದೇ ಇರಲಿಲ್ಲ, ಈಗ ಇದ್ದಕ್ಕಿದ್ದಂತೆ ಅನುಮಾನ! ನಾವು ಏನೂ ತಗೊಳ್ಳದೆ ವಾಪಸ್ ಬಂದೆವು.

ಎಲ್ಲ ಕಡೆ ಹೀಗೇನಾ? ಒಳ್ಳೆಯ ಅಂಗಡಿ ಅಂತ ಗುರುತು ಹಿಡಿಯುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಅರಿಜೋನಾ ಅಕ್ಕ

ನೀಲಿಶಾಯಿ, ವಾಪಸ್ ಬಂದಿದ್ದು ಒಳ್ಳೆಯದೇ ಆಯಿತು. ನಾನು ಇಲ್ಲಿ ಹೊಸದಾಗಿ ಕಲಿಯುವ ಹೆಂಗಸರಿಗೆ ಶೂಟಿಂಗ್ ಹೇಳಿಕೊಡುತ್ತೇನೆ. ಆ ಗುಲಾಬಿ ರಿವಾಲ್ವರ್ ಕಥೆ ನನ್ನ ಕ್ಲಾಸ್‌ಗೆ ಬರುವವರಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಸಿಟ್ಟು ಬರುವುದು ಬಣ್ಣಕ್ಕಲ್ಲ. ಆ ಸಲಹೆಯೇ ತಪ್ಪು.

ಯಾಕೆ ಅಂತ ಹೇಳುತ್ತೇನೆ. ಪುಟ್ಟ ರಿವಾಲ್ವರ್ ಅಂದರೆ ಹಗುರ. ಹಗುರ ಆದಷ್ಟೂ ಗುಂಡು ಹಾರಿದಾಗ ಕೈಗೆ ಬಡಿಯುವ ಹೊಡೆತ ಜಾಸ್ತಿ. ಅದರ ಟ್ರಿಗರ್ ತುಂಬಾ ದೂರ ಎಳೆಯಬೇಕು, ಎಳೆಯುವುದೂ ಭಾರ. ಗುಂಡು ಹಾರಿಸಲು ಬಡಿಯುವ ಸುತ್ತಿಗೆಯಂಥ ಭಾಗವನ್ನು (ಹ್ಯಾಮರ್) ಹಿಂದಕ್ಕೆ ಎಳೆದು ಬಿಡುವ ಕೆಲಸ ಪೂರ್ತಿ ನಿಮ್ಮ ಒಂದು ಬೆರಳು ಮಾಡಬೇಕು, ಹತ್ತು ಪೌಂಡ್‌ಗಿಂತ ಹೆಚ್ಚಿನ ಎಳೆತ ಸಾಮಾನ್ಯ. ಬೆರಳು ಅಷ್ಟು ಒತ್ತುವಾಗ ಇಡೀ ಕೈ ಅಲುಗುತ್ತದೆ, ಗುರಿ ತಪ್ಪುತ್ತದೆ. ನಳಿಕೆ ಗಿಡ್ಡ, ಮೇಲಿನ ಗುರಿಯ ಗುರುತುಗಳು ಹೆಸರಿಗೆ ಮಾತ್ರ. ಪಳಗಿದ ಕೈಗೇ ಕಷ್ಟ ಕೊಡುವ ಗನ್ ಅದು. ಅದನ್ನು ಹೊಸಬರ ಕೈಗೆ ಕೊಟ್ಟು "ನಿಮಗೆ ಇದೇ ಸುಲಭ" ಅನ್ನುತ್ತಾರೆ. ಮಧ್ಯಮ ಗಾತ್ರದ 9 ಎಂಎಂ ಸ್ವಲ್ಪ ತೂಕ ಇರುತ್ತದೆ, ಆ ತೂಕವೇ ಹೊಡೆತವನ್ನು ನುಂಗುತ್ತದೆ. ನೀವು ಕೇಳಿದ್ದೇ ಸರಿ ಇತ್ತು.

ಸ್ಲೈಡ್ ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಅದನ್ನು ಎಳೆಯುವುದು ಕಷ್ಟ ಅಂತ ಹೆದರಿಸುವವರೂ ಇದ್ದಾರೆ. ಅದರಲ್ಲಿ ಬಲಕ್ಕಿಂತ ರೀತಿ ಮುಖ್ಯ. ಗನ್ ಎದೆಯ ಹತ್ತಿರ ತಂದು, ನಳಿಕೆ ಸುರಕ್ಷಿತ ದಿಕ್ಕಿಗೆ ಇಟ್ಟು, ಒಂದು ಕೈಯಲ್ಲಿ ಸ್ಲೈಡ್ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಹೆಚ್ಚಿನವರಿಗೆ ಆಗುತ್ತದೆ. ಸಂಧಿವಾತ ಇದ್ದವರಿಗೆ ಅಂತಲೇ ಹಗುರ ಸ್ಲೈಡ್ ಇರುವ ಮಾಡೆಲ್‌ಗಳೂ ಬಂದಿವೆ.

ರೇಂಜ್ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಜೊತೆಗೇ ಇರುವ ಅಂಗಡಿ ಹುಡುಕಿ. ಬಾಡಿಗೆಗೆ ಬೇರೆ ಬೇರೆ ಗನ್ ಕೊಡುತ್ತಾರೆ. ಪ್ರತಿಯೊಂದರಲ್ಲೂ ಒಂದು ಡಬ್ಬ ಗುಂಡು ಹೊಡೆದು ನೋಡಿ, ಆಮೇಲೆ ಆರಿಸಿಕೊಳ್ಳಿ. ನಿಮ್ಮ ಕೈ ಹೇಳುವುದನ್ನು ಯಾವ ಕೌಂಟರ್‌ನವರೂ ಹೇಳಲಾರರು.

ಓಹಾಯೋದಿಂದ

ಒಳ್ಳೆಯ ಅಂಗಡಿ ಹೇಗಿರುತ್ತದೆ ಅಂತ ಕೇಳಿದಿರಲ್ಲ, ನಾನು ಕಂಡದ್ದು ಹೇಳುತ್ತೇನೆ. ಮೊದಲು ಹೋದ ಕಡೆ ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿಯೇ ಮುಖ ತಿರುಗಿಸಿದ್ದರು. ಇನ್ನೊಂದು ಸಣ್ಣ ಅಂಗಡಿಗೆ ಹೋದೆ. ವಯಸ್ಸಾದವರೊಬ್ಬರು ಕೂತಿದ್ದರು. ಮೊದಲ ಪ್ರಶ್ನೆ: "ಏನಕ್ಕೆ ಬೇಕು? ಮನೆಗಾ, ರೇಂಜ್‌ಗಾ, ಜೊತೆಗೆ ಒಯ್ಯುವುದಕ್ಕಾ?" ಎರಡನೆಯದು: "ಮನೆಯಲ್ಲಿ ಮಕ್ಕಳಿದ್ದಾರಾ?"

ಆಮೇಲೆ ಗನ್ ತೆಗೆದರು. ಗುಂಡು ತುಂಬುವ ಮ್ಯಾಗಜೀನ್ ಹೊರಗೆಳೆದು ಪಕ್ಕಕ್ಕಿಟ್ಟರು. ಸ್ಲೈಡ್ ಹಿಂದಕ್ಕೆ ಎಳೆದು ಲಾಕ್ ಮಾಡಿದರು. ಒಳಗೆ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿಸಿ "ನೀವೂ ನೋಡಿ, ಖಾಲಿ ಇದೆ ತಾನೆ?" ಅಂದರು. ನಳಿಕೆ ಗೋಡೆಯ ಕಡೆ, ಹಿಡಿ ನನ್ನ ಕಡೆ ಮಾಡಿ ಕೊಟ್ಟರು. ನಾನು ಹಿಡಿದ ಮೇಲೆ ಬಗ್ಗಿ ನನ್ನ ಬೆರಳು ನೋಡಿದರು. ಟ್ರಿಗರ್ ಮೇಲೆ ಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗ ಕೂರಬೇಕಂತೆ. ನನಗೆ ತುದಿ ಮಾತ್ರ ಎಟುಕುತ್ತಿತ್ತು. "ಇದು ನಿಮಗೆ ದೊಡ್ಡದು" ಅಂತ ವಾಪಸ್ ತಗೊಂಡು, ಕೈಗೆ ಹೊಂದುವ ಹಾಗೆ ಹಿಡಿಯ ಹಿಂಬದಿಯ ಪಟ್ಟಿ ಬದಲಾಯಿಸಬಹುದಾದ ಇನ್ನೊಂದನ್ನು ತಂದರು. ಅದರ ಬೆಲೆ ಮೊದಲನೆಯದಕ್ಕಿಂತ ಕಡಿಮೆ. ಅಲ್ಲೇ ನನಗೆ ನಂಬಿಕೆ ಬಂತು.

ಇವತ್ತಿಗೂ ಗುಂಡು, ಕ್ಲೀನಿಂಗ್ ಸಾಮಾನು ಏನೇ ಬೇಕಿದ್ದರೂ ಅಲ್ಲಿಗೇ ಹೋಗುತ್ತೇನೆ. ಆನ್‌ಲೈನ್‌ನಲ್ಲಿ ಒಂದೆರಡು ಡಾಲರ್ ಉಳಿಯಬಹುದು. ಉಳಿಯಲಿ ಬಿಡಿ.

ಕೌಂಟರ್ ಹಿಂದಿನವ

ನಾನು ಓದುವಾಗಲೂ ಆಮೇಲೂ ಕೆಲವು ವರ್ಷ ಒಂದು ಗನ್ ಶಾಪ್‌ನಲ್ಲಿ ಕೆಲಸ ಮಾಡಿದವನು. ನೀಲಿಶಾಯಿ ಅವರೇ, ಆ ಮನುಷ್ಯ ನಿಮ್ಮನ್ನು ಬಿಟ್ಟು ಯಜಮಾನರ ಜೊತೆ ಮಾತಾಡಿದ್ದು ಖಂಡಿತ ತಪ್ಪು. ಆದರೆ "ಗನ್ ಯಾರಿಗೆ?" ಅಂತ ಕೇಳಿದ್ದು ತಪ್ಪಲ್ಲ. ಅದನ್ನು ಕೇಳಲೇಬೇಕು. ಕೇಳುವ ರೀತಿ ಬೇರೆ ಇರಬೇಕಿತ್ತು, ಅಷ್ಟೇ.

ಲೈಸೆನ್ಸ್ ಇರುವ ಅಂಗಡಿಯಲ್ಲಿ ಗನ್ ತಗೊಳ್ಳುವ ಪ್ರತಿಯೊಬ್ಬರೂ ಎಟಿಎಫ್‌ನ (ಗನ್ ಮಾರಾಟದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ) ಫಾರ್ಮ್ 4473 ತುಂಬಬೇಕು. ಅದರಲ್ಲಿ ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಅಂತ ನೇರ ಪ್ರಶ್ನೆ ಇದೆ. ಒಬ್ಬರ ಹೆಸರಲ್ಲಿ ಫಾರ್ಮ್ ತುಂಬಿ ಇನ್ನೊಬ್ಬರಿಗೋಸ್ಕರ ಕೊಳ್ಳುವುದು ಅಪರಾಧ. ಇದರಲ್ಲಿ ಎಷ್ಟು ಬಿಗಿ ಅಂದರೆ, ವರ್ಜೀನಿಯಾದ ಮಾಜಿ ಪೊಲೀಸ್ ಒಬ್ಬರು ಪೊಲೀಸರಿಗೆ ಸಿಗುವ ರಿಯಾಯಿತಿ ಬಳಸಿ ಪೆನ್ಸಿಲ್ವೇನಿಯಾದಲ್ಲಿದ್ದ ಚಿಕ್ಕಪ್ಪನಿಗೆ ಪಿಸ್ತೂಲು ತಂದುಕೊಟ್ಟರು. ಚಿಕ್ಕಪ್ಪ ಮೊದಲೇ 400 ಡಾಲರ್ ಚೆಕ್ ಕಳಿಸಿದ್ದರು. ಇಬ್ಬರಿಗೂ ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇರಲಿಲ್ಲ. ಆದರೂ 2014ರಲ್ಲಿ ಸುಪ್ರೀಂ ಕೋರ್ಟ್ 5-4 ಮತದಲ್ಲಿ ಅದು ಅಪರಾಧವೇ ಅಂತ ಹೇಳಿತು. ಅಬ್ರಾಮ್‌ಸ್ಕಿ ಕೇಸ್ ಅಂತಾರೆ. 2022ರ ಕಾನೂನಿನ ನಂತರ ಇಂಥ ಬೇನಾಮಿ ಖರೀದಿಗೆ 15 ವರ್ಷದವರೆಗೂ ಜೈಲು ಆಗಬಹುದು.

ಇಬ್ಬರು ಬರುತ್ತಾರೆ, ಒಬ್ಬರೇ ಆರಿಸುತ್ತಾರೆ, ಅವರೇ ಮಾತಾಡುತ್ತಾರೆ, ದುಡ್ಡೂ ಅವರದೇ, ಫಾರ್ಮ್ ಮಾತ್ರ ಜೊತೆಗೆ ಬಂದವರು ತುಂಬುತ್ತಾರೆ. ಇದನ್ನು ಕಂಡರೆ ಕೆಲಸ ಗೊತ್ತಿರುವ ಯಾರೇ ಆದರೂ ನಿಲ್ಲಿಸಿ ಕೇಳುತ್ತಾರೆ. ನಿಮ್ಮ ವಿಷಯದಲ್ಲಿ ಆ ಅನುಮಾನಕ್ಕೆ ದಾರಿ ಮಾಡಿಕೊಟ್ಟವರು ಅವರೇ. ನಿಮ್ಮ ಜೊತೆ ಮಾತಾಡಿದ್ದರೆ ಗನ್ ಯಾರಿಗೆ ಅಂತ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು. ನಿಮಗೋಸ್ಕರ ನೀವು ಆರಿಸಿ, ನೀವೇ ಫಾರ್ಮ್ ತುಂಬಿದರೆ, ಯಜಮಾನರು ಹಣ ಕೊಟ್ಟರು ಅನ್ನುವ ಕಾರಣಕ್ಕೇ ಅದು ಬೇನಾಮಿ ಆಗುವುದಿಲ್ಲ. ಹಾಗೇ ತನ್ನ ದುಡ್ಡಲ್ಲಿ ಕೊಂಡು ಮನಸಾರೆ ಉಡುಗೊರೆ ಕೊಡುವುದಕ್ಕೂ ಕಾನೂನು ಒಪ್ಪುತ್ತದೆ, ಪಡೆಯುವವರಿಗೆ ಗನ್ ಇಟ್ಟುಕೊಳ್ಳುವ ಹಕ್ಕು ಇರಬೇಕು ಅಷ್ಟೇ.

ಇನ್ನು ಬೀಗ. "ಡಬ್ಬದಲ್ಲೇ ಇರುತ್ತೆ" ಅಂದರಲ್ಲ, ಡಬ್ಬ ಬಿಚ್ಚಿ ತೋರಿಸಿ ಅನ್ನಿ. ಪಿಸ್ತೂಲು, ರಿವಾಲ್ವರ್ ಮಾರುವಾಗ ಬೀಗವನ್ನೋ ಸುರಕ್ಷಿತ ಪೆಟ್ಟಿಗೆಯನ್ನೋ ಕೊಡಲೇಬೇಕು ಅಂತ 2005ರ ಫೆಡರಲ್ (ಇಡೀ ದೇಶದ) ಕಾನೂನೇ ಇದೆ. ಕೇಬಲ್ ಬೀಗವನ್ನು ಹೇಗೆ ಹಾಕುವುದು ಅಂತ ಒಂದು ಸಲ ನಿಮ್ಮ ಕೈಯಲ್ಲೇ ಮಾಡಿಸಿ ಕಳಿಸುವ ಅಂಗಡಿ ಒಳ್ಳೆಯದು. ಎರಡು ನಿಮಿಷದ ಕೆಲಸ.

ನೀಲಿಶಾಯಿ

ತುಂಬಾ ಥ್ಯಾಂಕ್ಸ್. ಯಾಕೆ ಕೇಳುತ್ತಾರೆ ಅಂತ ಅವರೇ ಒಂದು ಮಾತು ಹೇಳಿದ್ದರೆ ನನಗೆ ಬೇಜಾರಾಗುತ್ತಿರಲಿಲ್ಲ. "ಕಾನೂನು ಪ್ರಕಾರ ಎಲ್ಲರಿಗೂ ಕೇಳುತ್ತೇವೆ ಮೇಡಂ" ಅಂದಿದ್ದರೆ ಸಾಕಿತ್ತು. ರೇಂಜ್ ಇರುವ ಅಂಗಡಿ ಹುಡುಕುತ್ತೇನೆ ಅಕ್ಕ.

ಹೊಸಬ ನಾರ್ತ್ ಕ್ಯಾರೊಲಿನಾ

ನನ್ನದೂ ಒಂದು ದೂರು. ನಾನು ಎಚ್-1ಬಿಯಲ್ಲಿದ್ದೇನೆ. ಸುಮ್ನೆ ವಿಚಾರಿಸೋಣ ಅಂತ ಹೋದೆ. ವೀಸಾ ಅಂದ ತಕ್ಷಣ "ಇಲ್ಲ, ಆಗಲ್ಲ, ಮುಂದಿನವರು ಬನ್ನಿ" ಅಂದುಬಿಟ್ಟರು. ಎರಡನೇ ಮಾತೇ ಇಲ್ಲ. ಇದು ತಾರತಮ್ಯ ಅಲ್ವಾ? ಕಂಪ್ಲೇಂಟ್ ಕೊಡಬಹುದಾ?

ಕೌಂಟರ್ ಹಿಂದಿನವ

ತಮ್ಮ, ಮಾತು ಒರಟು, ಉತ್ತರ ಮಾತ್ರ ಹೆಚ್ಚುಕಡಿಮೆ ಸರಿ. ವಲಸೆಯೇತರ ವೀಸಾದಲ್ಲಿ ಬಂದವರು ಗನ್ ಕೊಳ್ಳುವುದು ಮಾತ್ರ ಅಲ್ಲ, ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸಿದೆ. ಎಚ್-1ಬಿ, ಎಫ್-1, ಎಲ್-1 ಎಲ್ಲ ಇದರಲ್ಲೇ ಬರುತ್ತವೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅದರಲ್ಲೊಂದು. ಫಾರ್ಮ್ 4473ರಲ್ಲೂ ಆ ಪ್ರಶ್ನೆ ಇದೆ. ವಿನಾಯಿತಿ ಇದ್ದರೂ ಮಾರಲೇಬೇಕು ಅಂತ ಅಂಗಡಿಗೆ ಕಟ್ಟಪ್ಪಣೆ ಏನಿಲ್ಲ, ತುಂಬಾ ಕಡೆ ಬೇಡವೇ ಬೇಡ ಅಂತಾರೆ.

ಒಂದು ಎಚ್ಚರಿಕೆ. ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದಕ್ಕೂ ಇದೇ ನಿಯಮ. ಆಫೀಸಿನವರ ಜೊತೆ ವಾರಾಂತ್ಯ ರೇಂಜ್‌ಗೆ ಹೋಗುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕೇಸ್ ಆದರೆ ಜೈಲಿನ ಜೊತೆ ವೀಸಾ, ಗ್ರೀನ್ ಕಾರ್ಡ್ ಎಲ್ಲ ಕೈಬಿಟ್ಟು ಹೋಗುತ್ತದೆ. ವಿನಾಯಿತಿ ನಿಮಗೆ ಅನ್ವಯಿಸುತ್ತದೆ ಅನ್ನಿಸಿದರೆ ಇಮಿಗ್ರೇಶನ್ ಕೆಲಸ ಗೊತ್ತಿರುವ ಲಾಯರ್ ಹತ್ತಿರ ಮೊದಲು ಕೇಳಿ. ಕೌಂಟರ್‌ನಲ್ಲಿ ಸಿಗುವ ಸಲಹೆ ನಂಬಿ ಹೆಜ್ಜೆ ಇಡಬೇಡಿ, ನಾನು ಇಲ್ಲಿ ಬರೆದದ್ದನ್ನೂ ಸೇರಿಸಿ.

ಇಷ್ಟನ್ನು ಅವರು ಒಂದು ನಿಮಿಷದಲ್ಲಿ ಹೇಳಬಹುದಿತ್ತು. "ಮುಂದಿನವರು ಬನ್ನಿ" ಅಂದಿದ್ದು ಸೋಮಾರಿತನ.

ಕಾಡುಮಲ್ಲಿಗೆ

ನಮ್ಮವರಿಗೆ ಆಗುವ ಇನ್ನೊಂದು ತೊಂದರೆ ಹೆಸರಿನದು. ನನ್ನ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮಧ್ಯದ ಹೆಸರೇ ಇಲ್ಲ. ನನ್ನ ತಮ್ಮನ ದಾಖಲೆಗಳಲ್ಲಿ ಮಧ್ಯದ ಹೆಸರಿನ ಜಾಗದಲ್ಲಿ ಬರೀ ಒಂದು ಅಕ್ಷರ. ಕೌಂಟರ್‌ನ ಹುಡುಗ "ಪೂರ್ತಿ ಹೆಸರು ಬರೆಯಿರಿ" ಅಂತ ಒಂದೇ ಹಠ. ಇದೇ ಪೂರ್ತಿ ಹೆಸರು ಅಂದರೆ ನಂಬಲೇ ಇಲ್ಲ. ಫಾರ್ಮ್ ಹರಿದು ಹೊಸದು ಕೊಟ್ಟ, ಮತ್ತೆ ಅದೇ ಜಾಗದಲ್ಲಿ ನಿಂತೆವು. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. ಫಾರ್ಮ್‌ನ ಹಿಂದೆ ಸೂಚನೆಗಳಿರುತ್ತವೆ, ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಮಧ್ಯದ ಹೆಸರು ಇಲ್ಲದಿದ್ದರೆ ಎನ್‌ಎಂಎನ್ (ನೋ ಮಿಡಲ್ ನೇಮ್) ಅಂತ ಬರೆಯಬೇಕು. ಬರೀ ಇನಿಶಿಯಲ್ ಇದ್ದರೆ ಆ ಅಕ್ಷರ ಆದ ಮೇಲೆ ಐಒ (ಇನಿಶಿಯಲ್ ಓನ್ಲಿ) ಅಂತ ಬರೆಯಬೇಕು. ಅದನ್ನು ತೋರಿಸಿದ ಮೇಲೆ ಮ್ಯಾನೇಜರ್ ಬಂದು ಸರಿ ಮಾಡಿದರು.

ದಿನಾ ಇದೇ ಫಾರ್ಮ್ ಕೈಯಲ್ಲಿ ಹಿಡಿದು ಕೂತವರಿಗೆ ಅದರ ಸೂಚನೆ ಗೊತ್ತಿರಬೇಕಲ್ವಾ?

ಕೌಂಟರ್ ಹಿಂದಿನವ

ಖಂಡಿತ ಗೊತ್ತಿರಬೇಕು. ಆ ಹಠದ ಹಿಂದೆ ಇರುವುದು ಹೆದರಿಕೆ. ಎಟಿಎಫ್ ತಪಾಸಣೆಗೆ ಬಂದಾಗ ಫಾರ್ಮ್‌ಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾರೆ. ಬಿಟ್ಟುಹೋದ ಕೌಂಟಿ ಹೆಸರು, ತಪ್ಪು ತಾರೀಕು, ಎಲ್ಲ ಬರೆದುಕೊಳ್ಳುತ್ತಾರೆ. ಬೇಕಂತಲೇ ಮಾಡಿದ್ದು ಅಂತ ಕಂಡರೆ ಅಂಗಡಿಯ ಲೈಸೆನ್ಸ್ ರದ್ದಾಗುವುದೂ ಉಂಟು. ಮೊದಲು ಈ ಫಾರ್ಮ್‌ಗಳನ್ನು 20 ವರ್ಷ ಇಡಬೇಕಿತ್ತು. 2022ರ ಆಗಸ್ಟ್‌ನಿಂದ ಅಂಗಡಿ ಮುಚ್ಚುವವರೆಗೂ ಇಡಬೇಕು. ಹಾಗಾಗಿ ನೀವು ಬರೆದ ಒಂದು ಅಕ್ಷರದ ತಪ್ಪು ಅವರ ಕಪಾಟಿನಲ್ಲಿ ಯಾವತ್ತೂ ಕೂತಿರುತ್ತದೆ.

ಮನೆ ಬದಲಾಯಿಸಿದವರೂ ಗಮನಿಸಿ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಳೇ ವಿಳಾಸ ಇದ್ದರೆ ಅದೊಂದೇ ಸಾಲದು. ಈಗಿನ ವಿಳಾಸ ಇರುವ ಇನ್ನೊಂದು ಸರ್ಕಾರಿ ದಾಖಲೆ ಬೇಕು, ಕಾರಿನ ರಿಜಿಸ್ಟ್ರೇಶನ್ ಥರದ್ದು. ಬಾಡಿಗೆ ಕರಾರು ನಡೆಯಲ್ಲ. ಗ್ರೀನ್ ಕಾರ್ಡ್‌ನವರಿಗೆ ಏಲಿಯನ್ ನಂಬರ್ (ಕಾರ್ಡ್ ಮೇಲಿರುವ ವಲಸೆ ನಂಬರ್) ಕೂಡ ಫಾರ್ಮ್ ಕೇಳುತ್ತದೆ, ಕಾರ್ಡ್ ಜೊತೆಗೇ ಒಯ್ಯಿರಿ.

ಪಶ್ಚಿಮದ ಗಾಳಿ

ಹೆಸರಿನ ಮಾತು ಬಂತಲ್ಲ. ನಮ್ಮ ಯಜಮಾನರಿಗೆ ಪ್ರತಿ ಸಲ ಬ್ಯಾಕ್‌ಗ್ರೌಂಡ್ ಚೆಕ್ (ಗನ್ ಕೊಡುವ ಮೊದಲು ಹಳೇ ದಾಖಲೆ ನೋಡುವುದು) "ಡಿಲೇ" ಅಂತಲೇ ಬರುತ್ತದೆ. ಕೌಂಟರ್‌ನವರು ಅವರನ್ನು ನೋಡುವ ನೋಟವೇ ಬದಲಾಗುತ್ತದೆ. ಏನೋ ಕಳ್ಳತನ ಮಾಡಿದವರ ಹಾಗೆ. ಜೀವನದಲ್ಲಿ ಒಂದು ಪಾರ್ಕಿಂಗ್ ಟಿಕೆಟ್ ಇಲ್ಲ ಅವರಿಗೆ.

ಕೌಂಟರ್ ಹಿಂದಿನವ

ಆ ನೋಟಕ್ಕೆ ಅರ್ಥವೇ ಇಲ್ಲ. ಅಂಗಡಿಯವರು ಎಫ್‌ಬಿಐಗೆ ವಿವರ ಕಳಿಸುತ್ತಾರೆ, ಆ ಕಡೆಯಿಂದ ಬರುವುದು ಮೂರೇ ಉತ್ತರ: ಪ್ರೊಸೀಡ್ (ಕೊಡಬಹುದು), ಡಿಲೇ (ಕಾಯಿರಿ), ಡಿನೈ (ಕೊಡಬೇಡಿ). ಕಾರಣ ಹೇಳುವುದಿಲ್ಲ. ಕೆಲವು ರಾಜ್ಯಗಳಲ್ಲಿ ಈ ಕೆಲಸ ರಾಜ್ಯದ ಪೊಲೀಸರೇ ಮಾಡುತ್ತಾರೆ. ಡಿಲೇ ಆಗುವುದಕ್ಕೆ ಸಾಮಾನ್ಯ ಕಾರಣ ಒಂದೇ ಥರದ ಹೆಸರು, ಹುಟ್ಟಿದ ತಾರೀಕು ಇರುವ ಬೇರೆ ಯಾರದೋ ದಾಖಲೆ. ಫಾರ್ಮ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಕಡ್ಡಾಯ ಅಲ್ಲ, ಆದರೆ ಬರೆದರೆ ಇಂಥ ಗೊಂದಲ ಕಡಿಮೆ. ಪದೇ ಪದೇ ಆಗುತ್ತಿದ್ದರೆ ಎಫ್‌ಬಿಐಗೆ ಅರ್ಜಿ ಹಾಕಿ ಯುಪಿಐಎನ್ ಅನ್ನುವ ಸ್ವಂತ ನಂಬರ್ ಪಡೆಯಬಹುದು. ಮುಂದೆ ಆ ನಂಬರ್ ಫಾರ್ಮ್‌ನಲ್ಲಿ ಬರೆದರೆ ನೀವು ಬೇರೆ, ಆ ಇನ್ನೊಬ್ಬ ಬೇರೆ ಅಂತ ಅಲ್ಲಿ ಗೊತ್ತಾಗುತ್ತದೆ. ಇದನ್ನು ಕೌಂಟರ್‌ನಲ್ಲೇ ಹೇಳಿಕೊಡಬೇಕು. ಹೇಳುವವರು ಕಡಿಮೆ.

ಪಶ್ಚಿಮದ ಗಾಳಿ

ಇದು ನಮಗೆ ಗೊತ್ತೇ ಇರಲಿಲ್ಲ! ಇನ್ನೊಂದು ಪ್ರಶ್ನೆ. ಮೂರು ಕೆಲಸದ ದಿನ ಕಳೆದರೆ ಉತ್ತರ ಬರದಿದ್ದರೂ ಗನ್ ಕೊಡಬಹುದು ಅಂತ ಓದಿದ್ದೆ. ನಾವಿದ್ದ ಹಳೇ ರಾಜ್ಯದಲ್ಲಿ ಅಂಗಡಿಯವರು ಆಮೇಲೂ ಕೊಡಲಿಲ್ಲ. ನಮ್ಮ ಹಕ್ಕು ಅಲ್ವಾ ಅದು?

ಅರಿಜೋನಾ ಅಕ್ಕ

ಕೊಡಬಹುದು ಅಂತ ಇದೆ, ಕೊಡಲೇಬೇಕು ಅಂತ ಇಲ್ಲ. 2015ರಲ್ಲಿ ಚಾರ್ಲ್‌ಸ್ಟನ್‌ನ ಚರ್ಚ್‌ನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಗನ್ ಸಿಕ್ಕಿದ್ದು ಹೀಗೆಯೇ. ಚೆಕ್ ಮುಗಿದಿರಲಿಲ್ಲ, ಮೂರು ದಿನ ಕಳೆದಿತ್ತು, ಅಂಗಡಿಯವರು ಕೊಟ್ಟರು. ಮುಗಿದಿದ್ದರೆ ಸಿಗುತ್ತಿರಲಿಲ್ಲ. ಪೂರ್ತಿ ಉತ್ತರ ಬರುವವರೆಗೆ ಕಾಯುವ ಅಂಗಡಿಯ ಮೇಲೆ ನನಗೆ ಗೌರವ ಜಾಸ್ತಿ. ನಿಮ್ಮ ಯಜಮಾನರಿಗೆ ಆದ ಬೇಜಾರು ನಿಜ, ಅದಕ್ಕೆ ಯುಪಿಐಎನ್ ದಾರಿ ಇದೆ. 21 ವರ್ಷದ ಒಳಗಿನವರಿಗೆ 2022ರಿಂದ ಈ ಕಾಯುವಿಕೆ ಹತ್ತು ಕೆಲಸದ ದಿನದವರೆಗೂ ಹೋಗಬಹುದು.

ರಾಜ್ಯದ ನಿಯಮ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲರಿಗೂ ಹತ್ತು ದಿನ ಕಾಯುವುದು ಇದೆ. ವಾಷಿಂಗ್ಟನ್‌ನಲ್ಲಿ 2024ರಿಂದ ಹತ್ತು ಕೆಲಸದ ದಿನ, ಜೊತೆಗೆ ತರಬೇತಿ ಪಡೆದದ್ದಕ್ಕೆ ದಾಖಲೆ. ಇಲಿನಾಯ್‌ನಲ್ಲಿ ಮೊದಲು ಫಾಯ್ಡ್ ಕಾರ್ಡ್ (ಗನ್ ಇಟ್ಟುಕೊಳ್ಳಲು ರಾಜ್ಯ ಕೊಡುವ ಗುರುತಿನ ಚೀಟಿ) ಮಾಡಿಸಬೇಕು. ಅದಕ್ಕೆಲ್ಲ ಕೌಂಟರ್‌ನವರನ್ನು ಬೈದು ಪ್ರಯೋಜನ ಇಲ್ಲ.

ಸಂಜೆಮಲೆ

ಬೈಯುವ ವಿಷಯಕ್ಕೆ ಬಂದರೆ, ಟ್ರಾನ್ಸ್‌ಫರ್ ಫೀ! ಆನ್‌ಲೈನ್‌ನಲ್ಲಿ ಕೊಂಡು ಹತ್ತಿರದ ಅಂಗಡಿಗೆ ತರಿಸಿದೆ. ಒಂದು ಡಬ್ಬ ಕೈಗೆ ಕೊಡುವುದಕ್ಕೆ ಐವತ್ತು ಡಾಲರ್. ಜೊತೆಗೆ ಮುಖ ಗಂಟು. "ನಮ್ಮಲ್ಲೇ ತಗೊಳ್ಳಬಹುದಿತ್ತಲ್ಲ" ಅಂತ ಬೇರೆ.

ಓಹಾಯೋದಿಂದ

ಬರೀ ಡಬ್ಬ ಕೊಡುವ ಕೆಲಸ ಅಲ್ಲ ಅದು. ಬಂದ ಗನ್‌ನ ಸೀರಿಯಲ್ ನಂಬರ್ ತಮ್ಮ ಪುಸ್ತಕದಲ್ಲಿ ಬರೆಯಬೇಕು, ಭದ್ರವಾಗಿಡಬೇಕು, ನಿಮ್ಮ ಹತ್ತಿರ 4473 ತುಂಬಿಸಬೇಕು, ಚೆಕ್ ಮಾಡಿಸಬೇಕು, ಹೊರಗೆ ಹೋದದ್ದನ್ನು ಮತ್ತೆ ಬರೆಯಬೇಕು. ಮುಂದೆ ಆ ಗನ್ ಯಾರ ಕೈಗೆ ಹೋಯಿತು ಅಂತ ಹುಡುಕಾಟ ಬಂದರೆ ಅವರಿಗೂ ಫೋನ್ ಬರುತ್ತದೆ. ಲಾಭ ಬೇರೆಯವರಿಗೆ, ಜವಾಬ್ದಾರಿ ಇವರಿಗೆ. ಫೀ ಎಷ್ಟು, ಹೊರಗಿನಿಂದ ತರಿಸುವುದಕ್ಕೆ ಒಪ್ಪುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿದರೆ ಮುಕ್ಕಾಲು ಪಾಲು ಜಗಳ ಇರುವುದಿಲ್ಲ.

ಸಂಜೆಮಲೆ

ಕೆಲಸ ಇದೆ ಅಂತ ಒಪ್ಪುತ್ತೇನೆ. ಮುಖ ಗಂಟು ಹಾಕುವುದಕ್ಕೆ ಒಪ್ಪಲ್ಲ. ಫೀ ತಗೊಂಡ ಮೇಲೆ ನಾನೂ ಗಿರಾಕಿಯೇ. ಆವತ್ತು ನಗುತ್ತಾ ಮಾತಾಡಿಸಿದ್ದರೆ ಗುಂಡು, ಗನ್ ಇಡುವ ಕವಚ, ಕಿವಿಗೆ ಹಾಕುವ ಮಫ್ ಎಲ್ಲ ಅಲ್ಲೇ ತಗೊಳ್ಳುತ್ತಿದ್ದೆ.

ಕಾಡುಮಲ್ಲಿಗೆ

ಸಂಜೆಮಲೆ ಹೇಳಿದ್ದು ಸರಿ. 2020ರಲ್ಲಿ ಎಲ್ಲರೂ ಮುಗಿಬಿದ್ದಿದ್ದರಲ್ಲ, ಆಗ ಕೌಂಟರ್‌ನವರು ರೇಗಿದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಆ ವರ್ಷ ದೇಶದಲ್ಲಿ ಎಫ್‌ಬಿಐ ವ್ಯವಸ್ಥೆಯಲ್ಲಿ ನಡೆದ ಚೆಕ್‌ಗಳೇ ಸುಮಾರು 3.97 ಕೋಟಿ. ಒಂದು ಚೆಕ್ ಅಂದರೆ ಒಂದು ಮಾರಾಟ ಅಂತಲ್ಲ, ಪರ್ಮಿಟ್‌ಗೆ ಮಾಡಿದ್ದೂ ಅದರಲ್ಲಿ ಸೇರಿವೆ. ಆದರೂ ಜನಜಂಗುಳಿ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಮೊದಲ ಸಲ ಗನ್ ಮುಟ್ಟುವವರೇ ಸಾಲುಗಟ್ಟಿದ್ದರು. ಈಗ ಆ ನೂಕುನುಗ್ಗಲು ಇಲ್ಲ, ಆ ಒರಟುತನ ಕೆಲವು ಕಡೆ ಹಾಗೇ ಉಳಿದುಬಿಟ್ಟಿದೆ.

ಕೌಂಟರ್ ಹಿಂದಿನವ

ಗಿರಾಕಿಗಳ ಕಡೆಯಿಂದಲೂ ಒಂದಿಷ್ಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೊಟ್ಟ ಗನ್ ಎತ್ತಿ ನೇರ ನಮ್ಮ ಹೊಟ್ಟೆಗೆ ಗುರಿ ಇಟ್ಟು ಟ್ರಿಗರ್ ಒತ್ತುವವರು ಎಷ್ಟು ಜನ! ಖಾಲಿ ಇದೆ ಅಂತ ಗೊತ್ತಿದ್ದರೂ ಎದೆ ಝಲ್ ಅನ್ನುತ್ತದೆ. ಟ್ರಿಗರ್ ಒತ್ತಿ ನೋಡಬೇಕು ಅನ್ನಿಸಿದರೆ "ಒತ್ತಬಹುದಾ?" ಅಂತ ಕೇಳಿ, ಸುರಕ್ಷಿತ ದಿಕ್ಕು ಯಾವುದು ಅಂತ ಅವರೇ ತೋರಿಸುತ್ತಾರೆ. ನಿಮ್ಮದೇ ಗನ್ ರಿಪೇರಿಗೆ ತರುವುದಾದರೆ ಗುಂಡು ತೆಗೆದು, ಪೆಟ್ಟಿಗೆಯಲ್ಲಿಟ್ಟು ತನ್ನಿ. ಸೊಂಟದಿಂದ ತೆಗೆದು ಕೌಂಟರ್ ಮೇಲೆ ಇಡಬೇಡಿ.

ಇಷ್ಟು ದೊಡ್ಡ ಚರ್ಚೆಯಲ್ಲಿ ಯಾರೂ ಎತ್ತದ ಒಂದು ವಿಷಯ ಹೇಳಬೇಕು. ಕೌಂಟರ್‌ನಲ್ಲಿ ಕೆಲವೊಮ್ಮೆ "ಇವತ್ತು ಮಾರುವುದಿಲ್ಲ" ಅನ್ನಬೇಕಾಗುತ್ತದೆ. ಬಂದವರಿಗೆ ಯಾವ ಗನ್ ಆದರೂ ಪರವಾಗಿಲ್ಲ. ಹೇಗೆ ಬಳಸುವುದು, ಹೇಗೆ ಇಡುವುದು, ಏನೂ ಕೇಳುವುದಿಲ್ಲ. ಕಲಿಯುವ ಆಸಕ್ತಿಯೂ ಇಲ್ಲ. ಮಾತಿನ ಮಧ್ಯೆ ಕೆಲಸ ಹೋಯಿತು, ಸಂಸಾರ ಮುರಿಯಿತು ಅಂತ ಬಾಯಿ ಬಿಡುತ್ತಾರೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದೇ ಅಂಗಡಿಯಿಂದ ಒಂದು ವಾರದ ಒಳಗೆ ಮೂವರು ಗನ್ ಕೊಂಡು, ಕೊಂಡ ಸ್ವಲ್ಪ ಹೊತ್ತಿನಲ್ಲೇ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಮೂವರೂ ಒಬ್ಬರಿಗೊಬ್ಬರು ಸಂಬಂಧ ಇಲ್ಲದವರು. ಆ ಅಂಗಡಿಯ ಮಾಲೀಕರು ಅದನ್ನು ತುಂಬಾ ಮನಸ್ಸಿಗೆ ಹಚ್ಚಿಕೊಂಡರು. ಅಲ್ಲಿಂದಲೇ ಅಂಗಡಿಯವರು, ಆರೋಗ್ಯ ಕ್ಷೇತ್ರದವರು ಒಟ್ಟಿಗೆ ಸೇರಿ ಗನ್ ಶಾಪ್ ಪ್ರಾಜೆಕ್ಟ್ ಅಂತ ಶುರು ಮಾಡಿದರು. ಯಾವ ಲಕ್ಷಣ ನೋಡಬೇಕು, ಹೇಗೆ ಮಾತಾಡಬೇಕು ಅಂತ ಕೌಂಟರ್‌ನವರಿಗೆ ಹೇಳಿಕೊಡುವುದು, ಗೋಡೆಗೆ ಪೋಸ್ಟರ್, ಕೈಗೆ ಒಂದು ಚೀಟಿ. ಈಗ ಬೇರೆ ರಾಜ್ಯಗಳಿಗೂ ಹಬ್ಬಿದೆ.

ನಾನಿದ್ದ ಅಂಗಡಿಯಲ್ಲೂ ಆ ಪೋಸ್ಟರ್ ಇತ್ತು. ಒಬ್ಬ ಹುಡುಗ ಬಂದಿದ್ದ, "ಯಾವುದಾದರೂ ಕೊಡಿ" ಅಂತ. ನಮ್ಮ ಹಿರಿಯರು ಗನ್ ತೆಗೆಯಲೇ ಇಲ್ಲ. ಕೌಂಟರ್ ದಾಟಿ ಹೊರಗೆ ಬಂದು ಅವನ ಪಕ್ಕ ನಿಂತು, "ಏನಾಗಿದೆ ಮಗಾ?" ಅಂತ ಕೇಳಿದರು. ತುಂಬಾ ಹೊತ್ತು ಮಾತಾಡಿದರು, ಅವನ ಅಣ್ಣನಿಗೆ ಫೋನ್ ಹಚ್ಚಿಸಿದರು. ಅಣ್ಣ ಬಂದು ಕರೆದುಕೊಂಡು ಹೋದ. ಆವತ್ತು ಆ ಮಾರಾಟ ಆಗಲಿಲ್ಲ. ಗಿರಾಕಿಯನ್ನು ನೋಡಿಕೊಳ್ಳುವುದು ಅಂತ ನಾನು ಕಲಿತದ್ದು ಅವರ ಹತ್ತಿರ.

ಇಲ್ಲಿ ಓದುತ್ತಿರುವ ಯಾರಿಗಾದರೂ ಅಂಥ ಹೊತ್ತು ಬಂದಿದ್ದರೆ 988 ಸಹಾಯವಾಣಿಗೆ ಫೋನ್ ಮಾಡಿ ಅಥವಾ ಮೆಸೇಜ್ ಕಳಿಸಿ, ಹಗಲು ರಾತ್ರಿ ಯಾರಾದರೂ ಸಿಗುತ್ತಾರೆ. ಮನೆಯಲ್ಲಿ ಗನ್ ಇದ್ದು, ಯಾರಿಗೋ ಮನಸ್ಸು ಸರಿಯಿಲ್ಲ ಅಂತ ಅನ್ನಿಸಿದರೆ ಅದನ್ನು ಸ್ವಲ್ಪ ದಿನ ಮನೆಯಿಂದ ಹೊರಗಿಡಿ. ಕೆಲವು ಗನ್ ಶಾಪ್‌ಗಳೇ ಇಟ್ಟುಕೊಳ್ಳುತ್ತವೆ, ವಿಚಾರಿಸಿ.

ಅರಿಜೋನಾ ಅಕ್ಕ

ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ ಸಾರ್. ನನ್ನ ಕ್ಲಾಸ್‌ನಲ್ಲೂ ಈ ಪ್ರಾಜೆಕ್ಟ್ ಬಗ್ಗೆ ಹೇಳುತ್ತೇನೆ.

ಸಂಜೆಮಲೆ

ಒಂದು ಕೊನೆಯ ಅನುಮಾನ. ಆನ್‌ಲೈನ್‌ನಲ್ಲಿ ತರಿಸಿದ ಗನ್‌ನಲ್ಲಿ ಏನಾದರೂ ದೋಷ ಇದ್ದರೆ ಅಂಗಡಿಯವರು ವಾಪಸ್ ತಗೊಳ್ಳುತ್ತಾರಾ?

ಕೌಂಟರ್ ಹಿಂದಿನವ

ಗನ್ ನಿಮ್ಮ ಕೈಸೇರಿದ ಮೇಲೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆಮೇಲೆ ಅದು ಸೆಕೆಂಡ್ ಹ್ಯಾಂಡ್ ಆಗುತ್ತದೆ. ಅದಕ್ಕೇ ಫಾರ್ಮ್ ತುಂಬುವ ಮೊದಲು ಡಬ್ಬ ತೆರೆಸಿ. ಗನ್ ಮೇಲಿನ ಸೀರಿಯಲ್ ನಂಬರ್ ಡಬ್ಬದ ಮೇಲಿನದ್ದಕ್ಕೆ ಹೊಂದುತ್ತದಾ ನೋಡಿ. ಗೀರು, ಬಿರುಕು ಇದೆಯಾ, ಸ್ಲೈಡ್ ಎಲ್ಲಾದರೂ ಸಿಕ್ಕಿಕೊಳ್ಳುತ್ತದಾ, ಮ್ಯಾಗಜೀನ್ ಸಲೀಸಾಗಿ ಕೂತು ಹೊರಗೆ ಬೀಳುತ್ತದಾ, ಎಲ್ಲ ನೋಡಿ. ಸರಿಯಿಲ್ಲ ಅನ್ನಿಸಿದರೆ ಅಲ್ಲೇ ಬೇಡ ಅನ್ನಿ, ಅವರು ಕಳಿಸಿದವರಿಗೇ ವಾಪಸ್ ಕಳಿಸಬಹುದು. ಇಷ್ಟು ನೋಡುವುದಕ್ಕೆ ಅವಸರ ಮಾಡುವ ಅಂಗಡಿಯಲ್ಲಿ ಸಹಿ ಹಾಕಬೇಡಿ.

ಆಮೇಲೆ ಕಂಡ ದೋಷಕ್ಕೆ ಕಂಪನಿಯ ವಾರಂಟಿ ಇರುತ್ತದೆ. ಕಂಪನಿಗೆ ಫೋನ್ ಮಾಡಿದರೆ ಹೇಗೆ ಕಳಿಸಬೇಕು ಅಂತ ಅವರೇ ಹೇಳುತ್ತಾರೆ, ಎಷ್ಟೋ ಸಲ ಕೊರಿಯರ್ ಲೇಬಲ್ಲೂ ಕೊಡುತ್ತಾರೆ. ರಿಪೇರಿ ಆದ ಅದೇ ಗನ್ ಆಗಲಿ, ಅದೇ ಮಾದರಿಯ ಬದಲಿ ಗನ್ ಆಗಲಿ, ಫೆಡರಲ್ ಕಾನೂನಿನ ಪ್ರಕಾರ ನೇರ ನಿಮ್ಮ ಮನೆಗೇ ಕಳಿಸಬಹುದು, ಮತ್ತೆ 4473 ತುಂಬಬೇಕಾಗಿಲ್ಲ. ನಿಮ್ಮ ರಾಜ್ಯದಲ್ಲಿ ಬೇರೆ ನಿಯಮ ಇದೆಯಾ ಅಂತ ಒಂದು ಸಲ ಕೇಳಿಕೊಳ್ಳಿ.

ಸಂಜೆಮಲೆ

ಗೊತ್ತಾಯಿತು. ಇನ್ನೊಂದು ಗನ್ ಮುಂದಿನ ವಾರ ಬರುವುದಿದೆ. ಡಬ್ಬ ತೆರೆಸಿಯೇ ಸಹಿ ಹಾಕುತ್ತೇನೆ.